ಮನೆಯ ಕಂಪ್ಯೂಟರಿನ ಕಾವಲು

ಮನೆಯನ್ನು ಕಟ್ಟುವವರು ಬಾಗಿಲನ್ನಿಡುವುದು ಎರಡು ಪ್ರಯೋಜನಗಳಿಗಾಗಿ. ಬರತಕ್ಕವರು ಒಳಗೆ ಬರಬೇಕೆಂಬುದು ಒಂದು. ಬರಬಾರದವರು ಹೊರಗೆ ನಿಲ್ಲಬೇಕೆಂಬುದು ಇನ್ನೊಂದು. ಮೊದಲನೆಯದನ್ನು ಮಾತ್ರ ನೆನಪಿನಲ್ಲಿಟ್ಟು ಎರಡನೆಯದನ್ನು ಮರೆತ ಮನೆಯು ಎಷ್ಟು ದಿನ ಸುರಕ್ಷಿತವಾಗಿದ್ದೀತು? ನಮ್ಮ ನಾಡಿನ ಲಕ್ಷಾಂತರ ಮನೆಗಳಲ್ಲಿ ಈಗ ಬ್ರಾಡ್‌ಬ್ಯಾಂಡ್ ಎಂಬ ಹೊಸ ಬಾಗಿಲುಂಟು. ಅದು ಹಗಲಿರುಳು ತೆರೆದೇ ಇರುವುದು. ಅದರ ಮೂಲಕ ಪಾಠಗಳೂ ಪತ್ರಗಳೂ ದೂರದಲ್ಲಿರುವ ಬಂಧುಗಳ ಮುಖಗಳೂ ಒಳಗೆ ಬರುವುವು. ಈ ಬಾಗಿಲನ್ನು ಕಾಯುವ ಬಗೆ ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಈ ವಿಷಯವನ್ನು ಪ್ರೌಢಶಾಲೆಯ ವಿದ್ಯಾರ್ಥಿನಿಯರ ಮುಂದೆ ಇಡುವುದಕ್ಕೆ ಕಾರಣವುಂಟು. ಅನೇಕ ಮನೆಗಳಲ್ಲಿ ಕಂಪ್ಯೂಟರಿನ ಸಂಗತಿಯನ್ನು ಎಲ್ಲರಿಗಿಂತ ಹೆಚ್ಚಾಗಿ ಬಲ್ಲವಳು ಶಾಲೆಗೆ ಹೋಗುವ ಮಗಳೇ. ಅಜ್ಜನ ಪಿಂಚಣಿಯ ಲೆಕ್ಕವನ್ನು ನೋಡಿ ಹೇಳುವವಳೂ, ತಾಯಿಗೆ ವಿದ್ಯುತ್ತಿನ ಬಿಲ್ಲನ್ನು ಕಟ್ಟಿಕೊಡುವವಳೂ, ಅಣ್ಣನು ಪರದೇಶದಿಂದ ಕಳುಹಿಸಿದ ಭಾವಚಿತ್ರಗಳನ್ನು ಜೋಪಾನವಾಗಿ ತೆಗೆದಿಡುವವಳೂ ಅವಳೇ. ಹಾಗಿರುವಲ್ಲಿ, ಬೀಗದ ಕೈಯನ್ನು ಹಿಡಿದವಳಿಗೆ ಬೀಗದ ಗುಣವೂ ತಿಳಿದಿರುವುದು ಯುಕ್ತವಲ್ಲವೇ?

೧. ಸದಾ ಜೋಡಣೆ ಎಂದರೇನು?

ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ಟು ದೊರೆತದ್ದು ೧೯೯೫ನೆಯ ಇಸವಿ ಆಗಸ್ಟ್ ೧೫ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆ ಕಾಲದಲ್ಲಿ ಇಂಟರ್ನೆಟ್ಟನ್ನು ಬೇಕೆನ್ನುವವರು ಟೆಲಿಫೋನಿನ ತಂತಿಯ ಮೂಲಕ ಕರೆ ಮಾಡಿ, ಮೋಡೆಮಿನ ಕಿರಿಚಾಟವನ್ನು ಕೇಳಿ, ಕೆಲಸವನ್ನು ಮುಗಿಸಿ, ಕೂಡಲೇ ಕರೆಯನ್ನು ಕಡಿದುಬಿಡುತ್ತಿದ್ದರು. ನಿಮಿಷ ನಿಮಿಷಕ್ಕೂ ಹಣ ತೆರಬೇಕಾಗಿದ್ದುದರಿಂದ ಬಾಗಿಲನ್ನು ಬೇಗನೆ ಮುಚ್ಚುವುದು ಎಲ್ಲರಿಗೂ ಅಭ್ಯಾಸವಾಗಿತ್ತು. ಮಿತವ್ಯಯವೇ ಆಗ ಒಂದು ಬಗೆಯ ಕಾವಲಾಗಿತ್ತೆಂದು ಹೇಳಬಹುದು.

೨೦೦೪ರಲ್ಲಿ ಭಾರತ ಸರಕಾರವು ಬ್ರಾಡ್‌ಬ್ಯಾಂಡ್ ನೀತಿಯನ್ನು ಪ್ರಕಟಿಸಿತು. ಸೆಕೆಂಡಿಗೆ ೨೫೬ ಕಿಲೋಬಿಟ್ಟುಗಳಿಗೆ ಕಡಿಮೆಯಿಲ್ಲದ ವೇಗವುಳ್ಳದ್ದೂ ಸದಾ ಜೋಡಿತವಾಗಿರುವುದೂ ಯಾವುದೋ ಅದೇ ಬ್ರಾಡ್‌ಬ್ಯಾಂಡ್ ಎಂದು ಆ ನೀತಿಯು ಲಕ್ಷಣವನ್ನು ಹೇಳಿತು. ೨೦೨೩ರಲ್ಲಿ ಆ ವೇಗದ ಮಿತಿಯನ್ನು ೨ ಮೆಗಾಬಿಟ್ಟುಗಳಿಗೆ ಏರಿಸಲಾಯಿತು. ವೇಗವು ಬದಲಾದರೂ ಸದಾ ಜೋಡಣೆ ಎಂಬ ಲಕ್ಷಣವು ಬದಲಾಗಲಿಲ್ಲ. ಮನೆಯವರೆಲ್ಲರೂ ಮಲಗಿ ನಿದ್ರಿಸುತ್ತಿರುವಾಗಲೂ ಗೋಡೆಯ ಮೇಲಿನ ಆ ಚಿಕ್ಕ ಪೆಟ್ಟಿಗೆಯ ಹಸುರು ದೀಪವು ಮಿಣುಕುತ್ತಲೇ ಇರುವುದನ್ನು ವಾಚಕರು ನೋಡಿರಬಹುದು. ಜಗತ್ತಿನೊಡನೆ ನಮ್ಮ ಮನೆಯ ಸಂಬಂಧವು ಕಡಿಯಲಿಲ್ಲವೆಂಬುದಕ್ಕೆ ಆ ದೀಪವೇ ಸಾಕ್ಷಿ.

೨. ಅಪಾಯವು ಬರುವ ದಾರಿ

ಇಂಟರ್ನೆಟ್ಟಿಗೆ ಸೇರಿದ ಪ್ರತಿಯೊಂದು ಮನೆಗೂ ಅಂಕೆಗಳಿಂದಾದ ಒಂದು ವಿಳಾಸವು ಬೇಕು. ಹಳೆಯ ಪದ್ಧತಿಯ ಪ್ರಕಾರ ಇಂಥ ವಿಳಾಸಗಳು ಒಟ್ಟು ಸುಮಾರು ೪೨೯ ಕೋಟಿ. ಒಂದೊಂದು ವಿಳಾಸಕ್ಕೂ ಪೋರ್ಟುಗಳೆಂಬ ದಿಡ್ಡಿ ಬಾಗಿಲುಗಳುಂಟು. ಅವುಗಳ ಸಂಖ್ಯೆ ೬೫,೫೩೬. ಒಂದು ದಿಡ್ಡಿಯು ಪತ್ರಗಳಿಗೆ, ಒಂದು ಜಾಲಪುಟಗಳಿಗೆ, ಇನ್ನೊಂದು ಕಡತಗಳನ್ನು ಹಂಚಿಕೊಳ್ಳುವುದಕ್ಕೆ, ಹೀಗೆ ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಸಂಖ್ಯೆಗಳು ನಿಗದಿಯಾಗಿವೆ. ಕಂಪ್ಯೂಟರಿನೊಳಗೆ ಯಾವುದಾದರೊಂದು ಕಾರ್ಯಕ್ರಮವು ಒಂದು ದಿಡ್ಡಿಯ ಹಿಂದೆ ಕುಳಿತು, ಹೊರಗಿನಿಂದ ಯಾರಾದರೂ ತಟ್ಟುವರೋ ಎಂದು ಕಾದಿರುವುದಾದರೆ, ಆ ದಿಡ್ಡಿಯು ತೆರೆದಿದೆಯೆಂದು ಹೇಳುವರು.

“ನಾವು ಬಡವರು, ನಮ್ಮ ಕಂಪ್ಯೂಟರಿನಲ್ಲಿ ಕದಿಯುವಂಥದ್ದೇನಿದೆ? ನಮ್ಮನ್ನು ಯಾರು ಹುಡುಕಿಕೊಂಡು ಬರುವರು?” ಎಂದು ಅನೇಕರು ಕೇಳುವುದುಂಟು. ಈ ಮಾತು ಕೇಳಲಿಕ್ಕೆ ವಿನಯದ ಮಾತಾದರೂ ಸತ್ಯವಾದುದಲ್ಲ. ಯಾಕಂದರೆ ಈ ಕಳ್ಳರು ಮನೆಯನ್ನು ಆರಿಸಿಕೊಂಡು ಬರುವವರಲ್ಲ. ಅಮೇರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ೨೦೧೩ರಲ್ಲಿ ಜೀಮ್ಯಾಪ್ ಎಂಬ ಉಪಕರಣವನ್ನು ಪ್ರಕಟಿಸಿ, ವೇಗವುಳ್ಳ ಜೋಡಣೆಯಿರುವ ಒಂದೇ ಕಂಪ್ಯೂಟರಿನಿಂದ ಹಳೆಯ ಪದ್ಧತಿಯ ಎಲ್ಲಾ ಸಾರ್ವಜನಿಕ ವಿಳಾಸಗಳ ಒಂದು ದಿಡ್ಡಿಯನ್ನು ೪೫ ನಿಮಿಷಗಳೊಳಗೆ ತಟ್ಟಿ ನೋಡಬಹುದೆಂದು ತೋರಿಸಿದರು. ಅವರ ಉದ್ದೇಶವು ವಿದ್ಯಾಭ್ಯಾಸವಾಗಿತ್ತು. ಆದರೆ ಅದೇ ಕೆಲಸವನ್ನು ದುರುದ್ದೇಶವುಳ್ಳವರೂ ಮಾಡಬಲ್ಲರು, ಮಾಡುತ್ತಲೂ ಇದ್ದಾರೆ. ಬೀದಿಯಲ್ಲಿ ನಡೆಯುವ ಕಳ್ಳನು ದೊಡ್ಡ ಮನೆಯನ್ನು ನೋಡಿ ನಿಲ್ಲುವನು. ಈ ಯಂತ್ರವಾದರೋ ಗುಡಿಸಲನ್ನೂ ಅರಮನೆಯನ್ನೂ ಒಂದೇ ಸಮನಾಗಿ ತಟ್ಟಿ, ಯಾವ ಬಾಗಿಲು ಸಡಿಲವಾಗಿದೆಯೋ ಅದರೊಳಗೆ ನುಗ್ಗುವುದು.

೩. ಪೂರ್ವದ ನಿದರ್ಶನಗಳು

ಈ ಮಾತಿಗೆ ಇತಿಹಾಸದಿಂದ ಮೂರು ನಿದರ್ಶನಗಳನ್ನು ಕೊಡುವೆವು.

ಮೊದಲನೆಯದು ೨೦೦೩ರದು. ಮೈಕ್ರೋಸಾಫ್ಟಿನವರ ವಿಂಡೋಸ್ ಎಂಬ ವ್ಯವಸ್ಥೆಯಲ್ಲಿ ಒಂದು ದೋಷವು ಕಂಡುಬಂದು, ಅದನ್ನು ಸರಿಪಡಿಸುವ ತೇಪೆಯನ್ನು ಅವರು ಜುಲೈ ೧೬ರಂದು ಹೊರಡಿಸಿದರು. ಅನೇಕರು ಅದನ್ನು ಹಾಕಿಕೊಳ್ಳಲಿಲ್ಲ. ಇಪ್ಪತ್ತಾರು ದಿನಗಳಾದ ಮೇಲೆ, ಆಗಸ್ಟ್ ೧೧ರಂದು, ಬ್ಲಾಸ್ಟರ್ ಎಂಬ ಹುಳುವು ೧೩೫ನೆಯ ಪೋರ್ಟಿನ ಮೂಲಕ ಕಂಪ್ಯೂಟರುಗಳೊಳಗೆ ಹರಿದಾಡತೊಡಗಿತು. ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಕಂಪ್ಯೂಟರಿನ ಯಜಮಾನನು ಯಾವ ಪತ್ರವನ್ನೂ ತೆರೆಯಲಿಲ್ಲ, ಯಾವ ಗುಂಡಿಯನ್ನೂ ಒತ್ತಲಿಲ್ಲ. ಇಂಟರ್ನೆಟ್ಟಿಗೆ ಜೋಡಿತವಾಗಿದ್ದುದೊಂದೇ ಸಾಕಾಯಿತು. ಹುಳು ಹೊಕ್ಕ ಅನೇಕ ಯಂತ್ರಗಳು “ಅರುವತ್ತು ಸೆಕೆಂಡುಗಳಲ್ಲಿ ಮುಚ್ಚಿಕೊಳ್ಳುವುದು” ಎಂಬ ಎಚ್ಚರಿಕೆಯನ್ನು ತೋರಿಸಿ ತಾವಾಗಿಯೇ ನಿಂತುಹೋದುವು. ಮದ್ದನ್ನು ತರಿಸಿಕೊಳ್ಳೋಣವೆಂದರೆ ಅದು ಬರುವಷ್ಟರಲ್ಲಿ ಯಂತ್ರವು ಪುನಃ ಮುಚ್ಚಿಕೊಳ್ಳುವುದು! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವು ದೊರಕಲಾರದು.

ಎರಡನೆಯದು ಮರುವರ್ಷದ್ದು. ೨೦೦೪ನೆಯ ಏಪ್ರಿಲ್ ೧೩ರಂದು ಇನ್ನೊಂದು ದೋಷಕ್ಕೆ ತೇಪೆ ಬಂದಿತು. ಆ ತಿಂಗಳ ಕೊನೆಯ ದಿನವೇ ಸಾಸರ್ ಎಂಬ ಹುಳುವು ೪೪೫ನೆಯ ಪೋರ್ಟಿನಿಂದ ಹೊರಟಿತು. ಅದನ್ನು ರಚಿಸಿದವನು ಜರ್ಮನಿಯ ಒಬ್ಬ ಎಳೆಯ ವಿದ್ಯಾರ್ಥಿ. ಇಂಥ ಅನುಭವಗಳ ಫಲವಾಗಿ, ಅದೇ ವರ್ಷದ ಆಗಸ್ಟಿನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಹೊರಡಿಸಿದ ಎರಡನೆಯ ಸರ್ವಿಸ್ ಪ್ಯಾಕಿನಲ್ಲಿ ಫೈರ್‌ವಾಲನ್ನು ಮೊದಲಿನಿಂದಲೇ ಚಾಲನೆಯಲ್ಲಿಟ್ಟು ಕೊಟ್ಟರು. ಅದಕ್ಕೆ ಮುಂಚೆ ಆ ಗೋಡೆಯು ಯಂತ್ರದೊಳಗೆ ಇತ್ತು. ಆದರೆ ಬಳಸುವವನು ತಾನಾಗಿ ಅದನ್ನು ಏಳಿಸಬೇಕಾಗಿತ್ತು.

ಮೂರನೆಯದು ೨೦೧೭ರದು. ಮಾರ್ಚ್ ೧೪ರಂದು ತೇಪೆ. ಐವತ್ತೊಂಬತ್ತು ದಿನಗಳ ತರುವಾಯ, ಮೇ ೧೨ರಂದು, ವಾನಾಕ್ರೈ ಎಂಬ ಹುಳು. ದಿಡ್ಡಿಯಾದರೋ ಹಳೆಯ ೪೪೫ನೆಯದೇ. ಈ ಸಲ ಹುಳುವು ಯಂತ್ರವನ್ನು ನಿಲ್ಲಿಸಿ ಸುಮ್ಮನಾಗಲಿಲ್ಲ. ಕಂಪ್ಯೂಟರಿನಲ್ಲಿದ್ದ ಬರಹಗಳನ್ನೂ ಚಿತ್ರಗಳನ್ನೂ ಓದಲಾಗದ ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗಾಗಿ ಹಣವನ್ನು ಕೇಳಿತು. ನೂರೈವತ್ತು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳು ಸಿಕ್ಕಿಬಿದ್ದುವೆಂದು ಆಗ ಲೆಕ್ಕಹಾಕಿದರು. ಇಂಗ್ಲೆಂಡಿನ ಸರಕಾರೀ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿಗಳನ್ನು ರದ್ದುಪಡಿಸಬೇಕಾಯಿತು. ದೂರದಲ್ಲಿರುವ ಯಾರದೋ ದುರಾಶೆಯೂ ಹತ್ತಿರದಲ್ಲಿರುವವರ ಉದಾಸೀನತೆಯೂ ಕೂಡಿದಾಗ, ಹಾಸಿಗೆಯ ಮೇಲಿರುವ ರೋಗಿಯೂ ಕಷ್ಟಪಡಬೇಕಾಗುವುದು.

ಈ ಮೂರು ಕಥೆಗಳಲ್ಲಿಯೂ ಸಮಾನವಾದ ಸಂಗತಿ ಯಾವುದು? ಮದ್ದು ಮೊದಲು ಬಂದಿತ್ತು, ರೋಗವು ಅನಂತರ ಬಂದಿತು. ಮದ್ದನ್ನು ಸ್ವೀಕರಿಸಿದವರು ಉಳಿದುಕೊಂಡರು.

೪. ರಕ್ಷಣೋಪಾಯಗಳು

ಈಗ ಉಪಾಯಗಳನ್ನು ಕ್ರಮವಾಗಿ ನೋಡೋಣ. ಇವುಗಳಲ್ಲಿ ಹೆಚ್ಚಿನವುಗಳಿಗೆ ಹಣದ ಖರ್ಚಿಲ್ಲ. ಗಮನದ ಖರ್ಚು ಮಾತ್ರ ಉಂಟು.

(ಅ) ರೂಟರು. ಬ್ರಾಡ್‌ಬ್ಯಾಂಡಿನವರು ಗೋಡೆಗೆ ತಗಲಿಸಿಹೋದ ಪೆಟ್ಟಿಗೆಯೇ ಮನೆಯ ಹೆಬ್ಬಾಗಿಲು. ಮನೆಯೊಳಗಿನ ಕಂಪ್ಯೂಟರು, ಮೊಬೈಲು, ದೂರದರ್ಶನ ಮುಂತಾದವುಗಳಿಗೆ ಅದು ಒಳವಿಳಾಸಗಳನ್ನು ಕೊಟ್ಟು, ಹೊರಗೆ ಎಲ್ಲಕ್ಕೂ ಒಂದೇ ವಿಳಾಸವನ್ನು ತೋರಿಸುವುದು. ಆದಕಾರಣ ಒಳಗಿನವರು ಕರೆಯದೆ ಹೊರಗಿನಿಂದ ಬಂದವರು ಸಾಧಾರಣವಾಗಿ ಅಂಗಳದಲ್ಲಿಯೇ ನಿಲ್ಲುವರು. ಆದರೆ ಹೊಸ ಪದ್ಧತಿಯ ವಿಳಾಸಗಳಲ್ಲಿ, ಅಂದರೆ ಐಪಿ ಆರನೆಯ ಆವೃತ್ತಿಯಲ್ಲಿ, ಮನೆಯ ಒಂದೊಂದು ಯಂತ್ರಕ್ಕೂ ಹೊರಗಿನಿಂದ ಕಾಣುವ ಸ್ವಂತ ವಿಳಾಸವಿರಬಹುದು. ಅಲ್ಲಿ ಈ ಮರೆಯು ಇಲ್ಲದುದರಿಂದ ರೂಟರಿನೊಳಗಿನ ಫೈರ್‌ವಾಲು ಚಾಲನೆಯಲ್ಲಿರುವುದು ಅತ್ಯವಶ್ಯವು.

ರೂಟರಿನ ವಿಷಯದಲ್ಲಿ ಮಾಡತಕ್ಕ ಕೆಲಸಗಳು ಇವು: ಅದರ ಆಡಳಿತದ ಪಾಸ್‌ವರ್ಡನ್ನು ಬಂದ ದಿನವೇ ಬದಲಾಯಿಸುವುದು, ಹೊರಗಿನಿಂದ ರೂಟರನ್ನು ನಡಿಸುವ ಸೌಕರ್ಯವು ತೆರೆದಿದ್ದರೆ ಮುಚ್ಚುವುದು, ಗುಂಡಿಯೊತ್ತಿ ಸಂಪರ್ಕಿಸುವ ಡಬ್ಲ್ಯೂಪಿಎಸ್ ಎಂಬುದನ್ನೂ, ಒಳಗಿನ ಯಂತ್ರಗಳು ತಾವಾಗಿಯೇ ದಿಡ್ಡಿಗಳನ್ನು ತೆರೆಸಿಕೊಳ್ಳುವ ಯುಪಿಎನ್‌ಪಿ ಎಂಬುದನ್ನೂ ಬೇಡವಾದಲ್ಲಿ ನಿಲ್ಲಿಸುವುದು, ವೈಫೈಗೆ ಡಬ್ಲ್ಯೂಪಿಎ ೨ ಅಥವಾ ೩ ಎಂಬ ಬೀಗವನ್ನು ಇರಿಸುವುದು. ಡಬ್ಲ್ಯೂಇಪಿ ಎಂಬ ಹಳೆಯ ಬೀಗವು ೨೦೦೧ರಲ್ಲಿಯೇ ಮುರಿದುಹೋಯಿತಾದ್ದರಿಂದ ಅದನ್ನು ನಂಬತಕ್ಕದ್ದಲ್ಲ. ರೂಟರಿಗೂ ಆಗಾಗ ತೇಪೆಗಳು ಬರುವುವೆಂಬುದನ್ನು ಮರೆಯಬಾರದು.

(ಆ) ಕಂಪ್ಯೂಟರಿನ ಸ್ವಂತ ಫೈರ್‌ವಾಲು. ಹೆಬ್ಬಾಗಿಲಿದ್ದರೂ ಕೋಣೆಗೆ ಕದ ಬೇಕು. ಮನೆಗೆ ಬಂದ ಅತಿಥಿಯ ಮೊಬೈಲಿನಲ್ಲಿ ಹುಳುವಿದ್ದರೆ ಅದು ಹೆಬ್ಬಾಗಿಲನ್ನು ಆಗಲೇ ದಾಟಿರುವುದಷ್ಟೆ. ಆದುದರಿಂದ ವಿಂಡೋಸಿನಲ್ಲಾಗಲಿ ಬೇರೆ ವ್ಯವಸ್ಥೆಯಲ್ಲಾಗಲಿ ಫೈರ್‌ವಾಲನ್ನು ಎಂದಿಗೂ ಆರಿಸಬಾರದು. ಯಾವುದಾದರೊಂದು ಆಟವು ನಡೆಯಬೇಕಾದರೆ ಗೋಡೆಯನ್ನು ಕೆಡವಬೇಕೆಂದು ಹೇಳುವುದಾದರೆ, ಆ ಆಟವನ್ನು ಬಿಡುವುದೇ ಲೇಸು.

(ಇ) ತೇಪೆಗಳು. ಅಪ್‌ಡೇಟ್ ಎಂಬ ಸೂಚನೆಯು ಬಂದಾಗಲೆಲ್ಲಾ “ನಾಳೆ ನೋಡೋಣ” ಎಂದು ಮುಂದೂಡುವುದು ನಮ್ಮಲ್ಲಿ ರೂಢಿಯಾಗಿದೆ. ಮೇಲೆ ಹೇಳಿದ ಇಪ್ಪತ್ತಾರು ದಿನ, ಹದಿನೇಳು ದಿನ, ಐವತ್ತೊಂಬತ್ತು ದಿನಗಳ ಲೆಕ್ಕವನ್ನು ಓದಿದವರು ಆ ನಾಳೆಯ ಬೆಲೆಯನ್ನು ಅರಿಯುವರು. ತೇಪೆಯು ತಾನಾಗಿ ಬರುವಂತೆ ಏರ್ಪಡಿಸುವುದು ಉತ್ತಮ. ವ್ಯವಸ್ಥೆಗೂ ಆಯುಸ್ಸುಂಟು. ವಿಂಡೋಸ್ ೧೦ಕ್ಕೆ ಸಾಮಾನ್ಯವಾದ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ರಂದು ಮುಗಿಯಿತು; ವಿಶೇಷವಾಗಿ ನೋಂದಾಯಿಸಿಕೊಂಡವರ ಹೊರತು ಇತರರಿಗೆ ಅದರ ರಕ್ಷಣೆಯ ತೇಪೆಗಳು ಬರುವುದಿಲ್ಲ. ಹಳೆಯ ಯಂತ್ರವು ಹೊಸ ವಿಂಡೋಸನ್ನು ತಾಳದಿದ್ದರೆ, ಲಿನಕ್ಸಿನಂಥ ಬೆಲೆಯಿಲ್ಲದೆ ದೊರೆಯುವ ವ್ಯವಸ್ಥೆಯನ್ನು ಹಾಕಿಕೊಳ್ಳಬಹುದು.

(ಈ) ದಿನಬಳಕೆಯ ಖಾತೆ. ಕಂಪ್ಯೂಟರಿನಲ್ಲಿ ಯಜಮಾನನ ಖಾತೆಯೆಂದೂ ಸಾಮಾನ್ಯ ಖಾತೆಯೆಂದೂ ಎರಡು ಬಗೆಗಳುಂಟು. ಯಜಮಾನನ ಖಾತೆಯಿಂದ ಹೊಸ ಕಾರ್ಯಕ್ರಮಗಳನ್ನು ಸ್ಥಾಪಿಸಬಹುದು, ವ್ಯವಸ್ಥೆಯನ್ನೇ ಬದಲಾಯಿಸಬಹುದು. ನಾವು ಆ ಖಾತೆಯಲ್ಲಿ ಕುಳಿತು ಓದುತ್ತಿರುವಾಗ ಹುಳುವು ಬಂದರೆ ಅದಕ್ಕೂ ಯಜಮಾನನ ಅಧಿಕಾರವೇ ಸಿಗುವುದು. ಪೇಟೆಗೆ ಹೋಗುವವಳು ಮನೆಯ ಎಲ್ಲಾ ಬೀಗದ ಕೈಗಳನ್ನೂ ಸೆರಗಿಗೆ ಕಟ್ಟಿಕೊಂಡು ಹೋಗುವಳೇ? ಆದಕಾರಣ ದಿನದ ಕೆಲಸಕ್ಕೆ ಸಾಮಾನ್ಯ ಖಾತೆಯನ್ನೇ ಉಪಯೋಗಿಸತಕ್ಕದ್ದು.

(ಉ) ವೈರಸ್ ನಿವಾರಕ. ವಿಂಡೋಸ್ ೮ರಿಂದ ಈಚೆಗೆ, ಅಂದರೆ ೨೦೧೨ರಿಂದ, ಡಿಫೆಂಡರ್ ಎಂಬ ನಿವಾರಕವು ವ್ಯವಸ್ಥೆಯೊಳಗೇ ಸೇರಿ ಬರುತ್ತಿದೆ. ಅದನ್ನು ಚಾಲನೆಯಲ್ಲಿಟ್ಟು ಕಾಲಕಾಲಕ್ಕೆ ಹೊಸದಾಗಿಸಿದರೆ ಸಾಧಾರಣ ಮನೆಗೆ ಸಾಕು. ಜಾಲಪುಟವನ್ನು ನೋಡುತ್ತಿರುವಾಗ ತಟ್ಟನೆ “ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ಸುಗಳಿವೆ, ಕೂಡಲೇ ಇದನ್ನು ಒತ್ತಿರಿ” ಎಂಬ ಕೆಂಪು ಫಲಕವು ಎದ್ದರೆ ಅದನ್ನು ನಂಬಬಾರದು. ರಕ್ಷಕನ ವೇಷದಲ್ಲಿ ಬರುವ ಇಂಥ ಕಾರ್ಯಕ್ರಮಗಳು ಅನೇಕ ಸಲ ತಾವೇ ರೋಗವಾಗಿರುವುವು. ಬೇಲಿಯೇ ಎದ್ದು ಹೊಲವನ್ನು ಮೇಯುವುದೆಂದರೆ ಇದೇ.

(ಊ) ಪಾಸ್‌ವರ್ಡು. ಇಲ್ಲಿ ಗಣಿತದ ಒಂದು ಚಿಕ್ಕ ಪಾಠವುಂಟು. ಇಂಗ್ಲಿಷಿನ ೨೬ ಸಣ್ಣಕ್ಷರಗಳಿಂದ ಎಂಟಕ್ಷರಗಳ ಪದಗಳನ್ನು ಮಾಡಿದರೆ ಸುಮಾರು ೨೦,೮೮೩ ಕೋಟಿ ಪದಗಳಾಗುವುವು. ಸೆಕೆಂಡಿಗೆ ೧೦೦ ಕೋಟಿ ಪದಗಳನ್ನು ಪರೀಕ್ಷಿಸುವ ಯಂತ್ರವಿದೆಯೆಂದು ಊಹಿಸಿದರೆ, ಅದು ಇವೆಲ್ಲವನ್ನೂ ೨೦೯ ಸೆಕೆಂಡುಗಳಲ್ಲಿ, ಅಂದರೆ ಮೂರೂವರೆ ನಿಮಿಷಗಳಲ್ಲಿ ಮುಗಿಸುವುದು. ನಾಲ್ಕೇ ಅಕ್ಷರಗಳನ್ನು ಕೂಡಿಸಿ ಹನ್ನೆರಡು ಮಾಡಿದರೆ ಅದೇ ಯಂತ್ರಕ್ಕೆ ಸುಮಾರು ಮೂರು ವರ್ಷಗಳು ಬೇಕು. ಇನ್ನೂ ನಾಲ್ಕನ್ನು ಕೂಡಿಸಿ ಹದಿನಾರು ಮಾಡಿದರೆ ಹದಿಮೂರು ಲಕ್ಷ ವರ್ಷಗಳಿಗೂ ಹೆಚ್ಚು. ಉದ್ದವೇ ಬಲವೆಂಬುದು ಇದರಿಂದ ಸ್ಪಷ್ಟವಾಗುವುದು. ಆದರೆ ಈ ಲೆಕ್ಕವು ಕ್ರಮವಿಲ್ಲದೆ ಆರಿಸಿದ ಅಕ್ಷರಗಳಿಗೆ ಮಾತ್ರ ಸಲ್ಲುವುದು. ತಮ್ಮನ ಹೆಸರು, ಹುಟ್ಟಿದ ದಿನ, ಊರಿನ ಹೆಸರು ಮೊದಲಾದವುಗಳನ್ನು ಕಳ್ಳರು ಮೊದಲು ಪರೀಕ್ಷಿಸುವರು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಪೋಣಿಸಿದರೆ ಉದ್ದವೂ ಆಯಿತು, ನೆನಪಿಗೂ ಸುಲಭವಾಯಿತು. ಒಂದೇ ಪಾಸ್‌ವರ್ಡನ್ನು ಎರಡು ಕಡೆಗಳಲ್ಲಿ ಉಪಯೋಗಿಸತಕ್ಕದ್ದಲ್ಲ. ಒಂದು ಕಡೆ ಕಳವಾದುದು ಎಲ್ಲಾ ಕಡೆಗಳಲ್ಲಿ ಕಳವಾದಂತೆಯೇ. ಬ್ಯಾಂಕಿಗೂ ಈಮೇಲಿಗೂ ಎರಡು ಹಂತದ ಪರೀಕ್ಷೆಯನ್ನು ಏರ್ಪಡಿಸಿಕೊಳ್ಳುವುದು ಒಳ್ಳೆಯದು.

(ಋ) ಪ್ರತಿಗಳು. ಎಷ್ಟು ಕಾದರೂ ಒಮ್ಮೆ ಕಳವಾಗಬಹುದು, ಯಂತ್ರವೂ ಕೆಡಬಹುದು. ಬಲ್ಲವರು ಮೂರು–ಎರಡು–ಒಂದು ಎಂಬ ನಿಯಮವನ್ನು ಹೇಳುವರು. ಮುಖ್ಯವಾದ ಕಡತಗಳು ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿಯಾದರೂ ಮನೆಯಿಂದ ಹೊರಗಿರಲಿ. ಪ್ರತಿಯಿಟ್ಟ ಡಿಸ್ಕನ್ನು ಕೆಲಸವಾದ ಕೂಡಲೇ ಕಂಪ್ಯೂಟರಿನಿಂದ ಬಿಡಿಸಿ ಕಪಾಟಿನಲ್ಲಿಡಬೇಕು. ಯಾಕಂದರೆ ಜೋಡಿಸಿಯೇ ಬಿಟ್ಟ ಡಿಸ್ಕನ್ನೂ ಗೂಢಲಿಪಿಯ ಹುಳುವು ಬಿಡದು. ಅಜ್ಜಿಯ ಕೊನೆಯ ಭಾವಚಿತ್ರವನ್ನು ಹಣಕೊಟ್ಟು ಇನ್ನೊಮ್ಮೆ ತೆಗೆಯಿಸಲಾಗದು. ಅದರ ಎರಡನೆಯ ಪ್ರತಿಯನ್ನು ಇಡುವುದಕ್ಕಾದರೋ ಐದು ನಿಮಿಷಗಳು ಸಾಕು.

(ೠ) ಮನುಷ್ಯನೆಂಬ ಬಾಗಿಲು. ಎಲ್ಲಾ ದಿಡ್ಡಿಗಳನ್ನೂ ಮುಚ್ಚಿದ ಮೇಲೆ ಕಳ್ಳನು ಬಾಗಿಲನ್ನು ಬಿಟ್ಟು ಬಾಗಿಲು ಕಾಯುವವರನ್ನೇ ಮಾತಾಡಿಸುವನು. “ಬ್ಯಾಂಕಿನಿಂದ ಮಾತಾಡುತ್ತೇವೆ, ಓಟಿಪಿಯನ್ನು ಹೇಳಿರಿ” ಎನ್ನುವನು. “ನಿಮ್ಮ ಕಂಪ್ಯೂಟರನ್ನು ನಾವೇ ದೂರದಿಂದ ಸರಿಪಡಿಸುವೆವು, ಈ ಕಾರ್ಯಕ್ರಮವನ್ನು ಹಾಕಿಕೊಳ್ಳಿರಿ” ಎನ್ನುವನು. “ಪೊಲೀಸರು ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದಾರೆ, ಯಾರಿಗೂ ತಿಳಿಸದೆ ಹಣವನ್ನು ಕಳುಹಿಸಿರಿ” ಎಂದು ಮುದುಕರನ್ನು ಹೆದರಿಸುವನು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಯುಪಿಐ ಮೂಲಕ ಹಣವನ್ನು ಪಡೆಯುವುದಕ್ಕೆ ಪಿನ್ನನ್ನು ಒತ್ತುವ ಅಗತ್ಯವೂ ಇಲ್ಲ. ಪಿನ್ನನ್ನು ಒತ್ತಿದರೆ ಹಣವು ಹೋಗುವುದೇ ಹೊರತು ಬರುವುದಲ್ಲ. ಈ ಎರಡು ಮಾತುಗಳನ್ನು ನಮ್ಮ ವಿದ್ಯಾರ್ಥಿನಿಯರು ತಮ್ಮ ಅಜ್ಜ ಅಜ್ಜಿಯರಿಗೆ ಕೇಳಿದವರು ತಿರುಗಿ ಹೇಳುವಷ್ಟು ಚೆನ್ನಾಗಿ ಕಲಿಸಿದರೆ, ಜೀವಮಾನದ ಉಳಿತಾಯವನ್ನು ಉಳಿಸಿಕೊಟ್ಟಂತಾಗುವುದು.

ರಾತ್ರಿಯಲ್ಲಿ ಕಂಪ್ಯೂಟರನ್ನು ಆರಿಸಿಬಿಟ್ಟರೆ ಸಾಲದೇ ಎಂದು ಕೆಲವರು ಕೇಳಬಹುದು. ಆರಿಸುವುದು ಒಳ್ಳೆಯದೇ, ಆರಿದ ಯಂತ್ರವನ್ನು ಯಾವ ಹುಳುವೂ ತಟ್ಟಲಾರದು, ವಿದ್ಯುತ್ತೂ ಉಳಿಯುವುದು. ಆದರೆ ಹಗಲಿನ ಒಂದು ಗಂಟೆಯೂ ಹುಳುವಿಗೆ ಸಾಕಾದುದರಿಂದ, ಮೇಲೆ ಹೇಳಿದ ಉಪಾಯಗಳ ಬದಲಿಗೆ ಇದನ್ನು ಹಿಡಿಯತಕ್ಕದ್ದಲ್ಲ.

೫. ಅಪಾಯವು ಬಂದಲ್ಲಿ

ಯಂತ್ರವು ಕಾರಣವಿಲ್ಲದೆ ನಿಧಾನವಾಗುವುದು, ನಾವು ಹಾಕದ ಕಾರ್ಯಕ್ರಮಗಳು ಕಾಣಿಸಿಕೊಳ್ಳುವುದು, ನಿವಾರಕವು ತಾನಾಗಿ ಆರಿಹೋಗುವುದು, ನಾವು ಬರೆಯದ ಪತ್ರಗಳು ನಮ್ಮ ಹೆಸರಿನಲ್ಲಿ ಸ್ನೇಹಿತರಿಗೆ ಹೋಗುವುದು, ಇವು ಸಂಶಯಕ್ಕೆ ಕಾರಣಗಳು. ಆಗ ಗಾಬರಿಪಡದೆ ಮಾಡತಕ್ಕ ಕಾರ್ಯಗಳು ಹೀಗಿವೆ. ಮೊದಲು ತಂತಿಯನ್ನು ಕಿತ್ತು ವೈಫೈಯನ್ನು ಆರಿಸಬೇಕು. ಎರಡನೆಯದಾಗಿ, ಬೇರೊಂದು ಶುದ್ಧವಾದ ಯಂತ್ರದಿಂದ ಈಮೇಲು ಮತ್ತು ಬ್ಯಾಂಕಿನ ಪಾಸ್‌ವರ್ಡುಗಳನ್ನು ಬದಲಾಯಿಸಬೇಕು. ಮೂರನೆಯದಾಗಿ, ಹಣವೇನಾದರೂ ಹೋಗಿದ್ದರೆ ಒಂದು ನಿಮಿಷವನ್ನೂ ಕಳೆಯದೆ ಬ್ಯಾಂಕಿಗೂ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸಬೇಕು. ಬೇಗನೆ ತಿಳಿಸಿದರೆ ಹಣವು ಕೈಯಿಂದ ಕೈಗೆ ದಾಟುವ ಮುಂಚೆ ತಡೆಯಲು ಅವಕಾಶವಿರುವುದು. ಸರಕಾರದ ಸೈಬರ್ ಅಪರಾಧ ಜಾಲತಾಣದಲ್ಲಿಯೂ ದೂರನ್ನು ಬರೆಯಬಹುದು.

ಯಂತ್ರವನ್ನು ಶುದ್ಧಿಮಾಡುವುದಕ್ಕೆ ನೆರವೂ ಉಂಟು. ೨೦೦೪ರಲ್ಲಿ ಸ್ಥಾಪಿತವಾದ ಸರ್ಟ್–ಇನ್ ಎಂಬ ಭಾರತ ಸರಕಾರದ ಸಂಸ್ಥೆಯು ೨೦೧೭ರ ಫೆಬ್ರುವರಿಯಿಂದ ಸೈಬರ್ ಸ್ವಚ್ಛತಾ ಕೇಂದ್ರವನ್ನು ನಡಿಸುತ್ತಿದೆ. ಹುಳುಗಳನ್ನು ತೆಗೆಯುವ ಉಪಕರಣಗಳನ್ನು ಅಲ್ಲಿಂದ ಹಣವಿಲ್ಲದೆ ಪಡೆಯಬಹುದು. ರೋಗವು ಆಳವಾಗಿದ್ದರೆ, ವ್ಯವಸ್ಥೆಯನ್ನು ಪೂರ್ಣವಾಗಿ ಅಳಿಸಿ ಹೊಸದಾಗಿ ಹಾಕಿ, ಕಪಾಟಿನಲ್ಲಿಟ್ಟ ಪ್ರತಿಯಿಂದ ಕಡತಗಳನ್ನು ತರುವುದೇ ನಂಬತಕ್ಕ ಮಾರ್ಗ. ಪ್ರತಿಯನ್ನಿಟ್ಟವರ ಜಾಣತನವು ಬೆಳಕಿಗೆ ಬರುವುದು ಆಗಲೇ.

ಇನ್ನೊಂದು ಮಾತು. ಮೋಸಹೋದ ಹುಡುಗಿಯರೂ ಹಿರಿಯರೂ ನಾಚಿಕೆಯಿಂದ ಅದನ್ನು ಮುಚ್ಚಿಡುವುದುಂಟು. ಕಳ್ಳನಿಗೆ ಬೇಕಾದದ್ದೂ ಅದೇ. ಮನೆಯಲ್ಲಿ ಯಾರು ಮೋಸಹೋದರೂ ಅವರನ್ನು ಗದರಿಸದೆ, “ಹೇಳಿದ್ದು ಒಳ್ಳೇದಾಯಿತು” ಎಂದು ಮೊದಲು ಧೈರ್ಯಕೊಡುವುದು ಉಚಿತ. ಗದರಿಕೆಗೆ ಹೆದರುವ ಮನೆಯಲ್ಲಿ ಎರಡನೆಯ ಕಳವು ಬೇಗನೆ ಗೊತ್ತಾಗಲಾರದು.

೬. ನೆರೆಹೊರೆಯ ಹೊಣೆ

ಕೊನೆಗೆ, ನಮ್ಮ ಅಜಾಗ್ರತೆಯಿಂದ ಕೆಡುವುದು ನಮ್ಮ ಮನೆಯೊಂದೇ ಅಲ್ಲವೆಂಬುದನ್ನು ತಿಳಿಯಬೇಕು. ೨೦೧೬ರಲ್ಲಿ ಮಿರಾಯಿ ಎಂಬ ಹುಳುವು ಹೊರಟಿತು. ಅದು ದೊಡ್ಡ ಕಂಪ್ಯೂಟರುಗಳನ್ನು ಮುಟ್ಟದೆ, ಮನೆಗಳ ಕಾವಲು ಕ್ಯಾಮರಾಗಳನ್ನೂ ರೂಟರುಗಳನ್ನೂ ಹುಡುಕಿತು. ಅದರ ಆಯುಧವು ಏನೆಂದರೆ, ಕಾರ್ಖಾನೆಗಳಲ್ಲಿ ಇಟ್ಟುಕಳುಹಿಸುವ ಅರುವತ್ತಕ್ಕೆ ಹೆಚ್ಚು ಕಡಿಮೆಯಾದ ಹೆಸರು–ಪಾಸ್‌ವರ್ಡುಗಳ ಒಂದು ಪಟ್ಟಿ, ಅಷ್ಟೇ. ಪಾಸ್‌ವರ್ಡನ್ನು ಬದಲಾಯಿಸದ ಮನೆಗಳ ಯಂತ್ರಗಳೆಲ್ಲವೂ ಅದರ ಸೈನಿಕರಾದುವು. ಆ ವರ್ಷದ ಅಕ್ಟೋಬರ್ ೨೧ರಂದು ಇಂಥ ಸೈನ್ಯವು ಡೈನ್ ಎಂಬ ಕಂಪೆನಿಯ ಮೇಲೆ ಬಿದ್ದುದರಿಂದ, ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ಪ್ರಸಿದ್ಧ ತಾಣಗಳು ಅಮೇರಿಕದ ಬಹುಭಾಗದಲ್ಲಿ ಕೆಲವು ತಾಸುಗಳ ವರೆಗೆ ದೊರೆಯದೆ ಹೋದುವು. ಆ ಕ್ಯಾಮರಾಗಳ ಒಡೆಯರಿಗೆ ಇದರ ಸುಳಿವೇ ಇರಲಿಲ್ಲ. ಅವರ ಮನೆಯಲ್ಲಿ ಏನೂ ಕಳವಾಗಲಿಲ್ಲ, ಚಿತ್ರಗಳು ಎಂದಿನಂತೆಯೇ ಬರುತ್ತಿದ್ದುವು. ಆದರೂ ಅವರ ಮನೆಯಿಂದಲೇ ಕಲ್ಲು ಹೊರಟಿತು.

ಆದುದರಿಂದ ಮನೆಯ ಕಂಪ್ಯೂಟರಿನ ಕಾವಲು ಸ್ವಾರ್ಥದ ಕೆಲಸವಲ್ಲ. ಬಾವಿಯ ಕಟ್ಟೆಯನ್ನು ಶುಚಿಯಾಗಿಡುವುದು, ನಿಂತ ನೀರನ್ನು ಚೆಲ್ಲಿ ಸೊಳ್ಳೆಗಳನ್ನು ತಡೆಯುವುದು ಮೊದಲಾದ ಕರ್ತವ್ಯಗಳ ಸಾಲಿಗೆ ಇದೂ ಸೇರಿತು. ನಮ್ಮ ತಾಯಂದಿರು ಸಂಜೆ ಬಾಗಿಲನ್ನು ಹಾಕುವಾಗ ಅಗುಳಿಯನ್ನು ಒಮ್ಮೆ ಎಳೆದು ನೋಡುವುದುಂಟು. ಆ ಕೈಯ ಅಭ್ಯಾಸವೇ ಇಲ್ಲಿಯೂ ಬೇಕು. ವಾರಕ್ಕೊಮ್ಮೆ ತೇಪೆಗಳನ್ನು ನೋಡುವುದು, ತಿಂಗಳಿಗೊಮ್ಮೆ ಪ್ರತಿಯನ್ನಿಡುವುದು, ವರ್ಷಕ್ಕೆರಡು ಸಲ ರೂಟರನ್ನು ಪರೀಕ್ಷಿಸುವುದು ಎಂದು ಕ್ಯಾಲೆಂಡರಿನಲ್ಲಿ ಗುರುತುಮಾಡಿಕೊಂಡರೆ, ಈ ಪಾಠದ ಸಾರವೆಲ್ಲವೂ ಆಚರಣೆಗೆ ಬಂದಂತಾಯಿತು.

ಪುನರಾಲೋಚನೆಗಾಗಿ ಪ್ರಶ್ನೆಗಳು

೧. ಟೆಲಿಫೋನಿನ ಕರೆಯ ಮೂಲಕ ಬರುತ್ತಿದ್ದ ಇಂಟರ್ನೆಟ್ಟಿಗೂ ಬ್ರಾಡ್‌ಬ್ಯಾಂಡಿಗೂ ಕಾವಲಿನ ವಿಷಯದಲ್ಲಿ ಇರುವ ಭೇದವೇನು?

೨. “ನಮ್ಮನ್ನು ಯಾರು ಹುಡುಕಿಕೊಂಡು ಬರುವರು?” ಎಂಬ ಮಾತಿಗೆ ಉತ್ತರವೇನು?

೩. ಬ್ಲಾಸ್ಟರ್, ಸಾಸರ್, ವಾನಾಕ್ರೈ ಈ ಮೂರರಲ್ಲಿ ತೇಪೆ ಬಂದ ದಿನಕ್ಕೂ ಹುಳು ಬಂದ ದಿನಕ್ಕೂ ನಡುವೆ ಎಷ್ಟೆಷ್ಟು ದಿನಗಳಿದ್ದುವು?

೪. ರೂಟರು ಇದ್ದರೂ ಕಂಪ್ಯೂಟರಿಗೆ ಸ್ವಂತ ಫೈರ್‌ವಾಲು ಯಾಕೆ ಬೇಕು?

೫. ಹತ್ತಕ್ಷರಗಳ ಪಾಸ್‌ವರ್ಡನ್ನು ಮೇಲೆ ಹೇಳಿದ ಯಂತ್ರವು ಎಷ್ಟು ಕಾಲದಲ್ಲಿ ಮುರಿಯುವುದು? ಲೆಕ್ಕಹಾಕಿ ನೋಡಿರಿ.

೬. ನಿಮ್ಮ ಮನೆಯ ರೂಟರಿನ ಪಾಸ್‌ವರ್ಡನ್ನು ಕೊನೆಯ ಸಲ ಬದಲಾಯಿಸಿದ್ದು ಯಾವಾಗ? ಇದರ ಉತ್ತರವನ್ನು ಬರೆಯುವುದು ಬೇಡ. ಮನೆಗೆ ಹೋಗಿ ಮಾಡಿದರೆ ಸಾಕು.